ಸರ್ವರ್‌ನಲ್ಲಿ ಕೆಲಸ ಖಾಲಿ: ತಪ್ಪು ನನ್ನ ಕಂಪ್ಯೂಟರಿನದೇ?

ಪ್ರಶ್ನೆ: ಬೊಯಿಂಕ್ ತಂತ್ರಾಂಶದ ಮೂಲಕ ನನ್ನ ಕಂಪ್ಯೂಟರಿನ ಬಿಡುವಿನ ವೇಳೆಯನ್ನು ಒಂದು ವಿಜ್ಞಾನ ಯೋಜನೆಗೆ ಕೊಡುತ್ತಿದ್ದೇನೆ. ಕಳೆದ ತಿಂಗಳು ಹಗಲಿರುಳು ಕೆಲಸವಿತ್ತು. ಈಗ ಹತ್ತು ದಿನಗಳಿಂದ ಯೋಜನೆಯ ಸರ್ವರಿನಿಂದ ಕೆಲಸದ ಒಂದು ತುಣುಕೂ ಬಂದಿಲ್ಲ. ಏಕೆ ಹೀಗೆ?

ಉತ್ತರ: ಹೆಚ್ಚಿನ ಸಲ ತಪ್ಪು ನಿಮ್ಮ ಕಂಪ್ಯೂಟರಿನದಲ್ಲ. ಲೆಕ್ಕ ಮಾಡಲು ಯಂತ್ರಗಳು ಬೇಕಾದಷ್ಟಿವೆ. ಯಾವ ಲೆಕ್ಕ ಮಾಡಬೇಕೆಂದು ಮನುಷ್ಯರು ಯೋಚಿಸಿ ನಿರ್ಧರಿಸಲು ಸಮಯ ಹಿಡಿಯುತ್ತದೆ.

ಯುರೋಪಿನ ಕಣ ಭೌತವಿಜ್ಞಾನ ಸಂಸ್ಥೆಯಾದ ಸರ್ನ್‌ಗಾಗಿ 2004ರಲ್ಲಿ ಶುರುವಾದ ಎಲ್‌ಎಚ್‌ಸಿ ಅಟ್ ಹೋಮ್ ಯೋಜನೆಯನ್ನೇ ನೋಡಿ. ಅದರ ಸಿಕ್ಸ್‌ಟ್ರ್ಯಾಕ್ ತಂತ್ರಾಂಶವು ಸಾಮಾನ್ಯವಾಗಿ 60 ಕಣಗಳನ್ನು ಸರ್ನ್‌ನ ಕಣ ಡಿಕ್ಕಿ ಯಂತ್ರವಾದ ಎಲ್‌ಎಚ್‌ಸಿಯ 27 ಕಿ.ಮೀ. ಉದ್ದದ ಉಂಗುರದಲ್ಲಿ, ಲೆಕ್ಕದ ಮೂಲಕವೇ, ಲಕ್ಷ ಸುತ್ತು ಓಡಿಸಿ ನೋಡುತ್ತದೆ. ನಿಜವಾದ ಉಂಗುರದಲ್ಲಿ ಅಷ್ಟು ಸುತ್ತಿಗೆ ಹತ್ತು ಸೆಕೆಂಡೂ ಬೇಡ. ಭೌತವಿಜ್ಞಾನಿಗಳು ಕಣಗಳನ್ನು ಹಾದಿಯಲ್ಲಿಡುವ ಅಯಸ್ಕಾಂತಗಳ ಹೊಂದಾಣಿಕೆಯನ್ನು ಬೇರೆ ಬೇರೆ ರೀತಿ ಬದಲಿಸಿ, ರಾಶಿ ರಾಶಿ ಲೆಕ್ಕಗಳನ್ನು ಒಮ್ಮೆಗೇ ಸರ್ವರ್‌ಗೆ ಹಾಕುತ್ತಾರೆ. ಸ್ವಯಂಸೇವಕರು ಅದನ್ನು ಬೇಗ ಬರಿದು ಮಾಡುತ್ತಾರೆ. ಬಂದ ಫಲಿತಾಂಶವನ್ನು ಓದಿ, ಮುಂದೇನು ಕೇಳಬೇಕೆಂದು ವಿಜ್ಞಾನಿಗಳು ತೀರ್ಮಾನಿಸುವವರೆಗೆ ಸರ್ವರ್ ಖಾಲಿ. ಕೆಲವು ತುಣುಕುಗಳು ಗಂಟೆಗಟ್ಟಲೆ ಓಡುತ್ತವೆ, ಕೆಲವು ನಿಮಿಷಗಳಲ್ಲೇ ಮುಗಿಯುತ್ತವೆ. ಬೇಗ ಮುಗಿದರೆ ಕೆಟ್ಟುಹೋಯಿತೆಂದು ತಿಳಿಯಬೇಡಿ: ಕಣಗಳು ಹಾದಿ ತಪ್ಪಿ ಕೊಳವೆಯ ಗೋಡೆಗೆ ಬಡಿದಿವೆ, ಅಷ್ಟೆ. ವಿಜ್ಞಾನಿಗಳಿಗೆ ಬೇಕಾದ ಉತ್ತರಗಳಲ್ಲಿ ಅದೂ ಒಂದು.

ಇದಕ್ಕೆ ತದ್ವಿರುದ್ಧವಾದದ್ದು 2020ರ ಮಾರ್ಚ್‌ನಲ್ಲಿ ನಡೆಯಿತು. ಸ್ವಯಂಸೇವಕರ ಕಂಪ್ಯೂಟರುಗಳಿಂದಲೇ ನಡೆಯುವ ಫೋಲ್ಡಿಂಗ್ ಅಟ್ ಹೋಮ್ ಯೋಜನೆ ಕೊರೊನಾ ವೈರಾಣುವಿನ ಪ್ರೋಟೀನುಗಳನ್ನು ಕೈಗೆತ್ತಿಕೊಂಡದ್ದೇ ತಡ, ಜನ ಮುಗಿಬಿದ್ದರು. ಒಟ್ಟು ಶಕ್ತಿ ಒಂದು ಎಕ್ಸಾಫ್ಲಾಪ್ (ಸೆಕೆಂಡಿಗೆ 1ರ ಮುಂದೆ 18 ಸೊನ್ನೆಯಷ್ಟು ಲೆಕ್ಕ) ದಾಟಿತು, ಆ ಕಾಲದ ಯಾವ ಸೂಪರ್ ಕಂಪ್ಯೂಟರಿಗೂ ಇರದಿದ್ದಷ್ಟು. ಆದರೆ ಅಷ್ಟು ಯಂತ್ರಗಳಿಗೆ ಕೆಲಸ ಸಿದ್ಧಪಡಿಸಿ ಹಂಚಲು ಸರ್ವರ್‌ಗಳಿಂದ ಆಗಲಿಲ್ಲ. ಕೊಡುವ ಮನಸ್ಸಿದ್ದವರು ಕಾಯುತ್ತ ಕೂರಬೇಕಾಯಿತು. ಅಂದು ಕಾದವರ ಕೊಡುಗೆ ಸಣ್ಣದೆಂದು ನಾನು ಎಂದೂ ಒಪ್ಪುವುದಿಲ್ಲ.

ಒಮ್ಮೆಗೆ ಹಾಕಿದ ಲೆಕ್ಕಗಳ ಒಂದು ಕಂತು ಮುಗಿಯುವ ಹೊತ್ತಿನ ಕಥೆಯೇ ಬೇರೆ. ಬಹಳಷ್ಟು ಯೋಜನೆಗಳು ಒಂದೇ ತುಣುಕನ್ನು ಇಬ್ಬರಿಗೆ ಕೊಟ್ಟು ಉತ್ತರಗಳನ್ನು ತಾಳೆ ನೋಡುತ್ತವೆ. ಒಬ್ಬರು ಗಡುವಿನೊಳಗೆ ಹಿಂದಿರುಗಿಸದಿದ್ದರೆ ಅದು ಮೂರನೆಯವರಿಗೆ ಹೋಗುತ್ತದೆ. ಹೀಗೆ ಉಳಿದ ನಾಲ್ಕಾರು ತುಣುಕುಗಳಿಗಾಗಿ ಇಡೀ ಸಂಶೋಧನೆ ಕಾಯುವುದುಂಟು. ಆದ್ದರಿಂದಲೇ ಒಂದು ವಿನಂತಿ: ಮತ್ತೆ ಸಿಗದೇನೋ ಎಂಬ ಭಯದಿಂದ ಹತ್ತು ದಿನಗಳ ಕೆಲಸವನ್ನು ಕೂಡಿಟ್ಟುಕೊಳ್ಳಬೇಡಿ. ಅರ್ಧ ದಿನದ್ದು ಸಾಕು.

ಮೊದಲು ಯೋಜನೆಯ ಸರ್ವರ್ ಸ್ಥಿತಿಯ ಪುಟ ನೋಡಿ. ಕಳುಹಿಸಲು ಸಿದ್ಧವಿರುವ ತುಣುಕುಗಳು ಸೊನ್ನೆ ಎಂದಿದ್ದರೆ ಕಾಯುವುದೊಂದೇ ದಾರಿ. ಬೊಯಿಂಕ್ ತಾನಾಗಿಯೇ ಆಗಾಗ ಕೇಳುತ್ತಿರುತ್ತದೆ, ನೀವು ಗುಂಡಿ ಒತ್ತಬೇಕಿಲ್ಲ. ಇನ್ನೊಂದು ಯೋಜನೆಗೆ ಸೇರಿ ಅದರ ಸಂಪನ್ಮೂಲ ಪಾಲನ್ನು (ನಿಮ್ಮ ಕಂಪ್ಯೂಟರಿನ ಸಮಯದಲ್ಲಿ ಅದಕ್ಕೆ ಸಿಗುವ ಭಾಗ) ಸೊನ್ನೆಗೆ ಇಟ್ಟರೆ, ಮೊದಲನೆಯದರಲ್ಲಿ ಕೆಲಸವಿಲ್ಲದಾಗ ಮಾತ್ರ ಅದರಿಂದ ತರಿಸಿಕೊಳ್ಳುತ್ತದೆ. ಸಾವಿರಾರು ತುಣುಕುಗಳು ಸಿದ್ಧವಿದ್ದೂ ನಿಮಗೆ ಬರುತ್ತಿಲ್ಲವೆಂದರೆ ಮಾತ್ರ ನಿಮ್ಮ ಡಿಸ್ಕ್‌ನಲ್ಲಿ ಜಾಗ ಇದೆಯೇ, ಯೋಜನೆಯ ಆಯ್ಕೆಗಳು ಸರಿಯಿವೆಯೇ ಎಂದು ಪರೀಕ್ಷಿಸಿ.