ವಾರ್ಡನ್ನೇ ತಮ್ಮ ಮನೆ ಎನ್ನುವ ರೋಗಿ

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಮಲಗಿರುವ ಹಿರಿಯರು ತಮ್ಮ ಹೆಸರು, ಮೊಮ್ಮಕ್ಕಳ ಹೆಸರು, ಇವತ್ತಿನ ವಾರ ಎಲ್ಲವನ್ನೂ ಸರಿಯಾಗಿ ಹೇಳುತ್ತಾರೆ. ಇದು ಯಾವ ಜಾಗ ಎಂದು ಕೇಳಿದರೆ ಮಾತ್ರ ‘ಹೊಳಲ್ಕೆರೆಯ ನಮ್ಮನೆ’ ಎನ್ನುತ್ತಾರೆ. ಗ್ಲೂಕೋಸ್ ಬಾಟಲಿ ತೋರಿಸಿದರೆ ‘ಆಸ್ಪತ್ರೆಯವರು ನಮ್ಮನೆಯಲ್ಲೂ ಒಂದು ವಾರ್ಡು ಮಾಡಿದ್ದಾರೆ’ ಎಂಬ ಉತ್ತರ ಸಿದ್ಧವಿರುತ್ತದೆ. ಒಂದೇ ಜಾಗ ಎರಡು ಕಡೆ ಇದೆ ಅಥವಾ ಬೇರೆ ಊರಿಗೆ ಬಂದಿದೆ ಎಂದು ನಂಬುವ ಈ ಅಪರೂಪದ ತೊಂದರೆಯೇ ರಿಡೂಪ್ಲಿಕೇಟಿವ್ ಪ್ಯಾರಮ್ನೀಷಿಯಾ. 1903ರಲ್ಲಿ ಪ್ರಾಗ್‌ನ ವೈದ್ಯ ಆರ್ನಾಲ್ಡ್ ಪಿಕ್ ಇದನ್ನು ವಿವರಿಸಿದರು.

ಮಿದುಳಿನ ಬಲಭಾಗಕ್ಕೆ, ಅದರಲ್ಲೂ ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾದವರಲ್ಲಿ ಇದು ಹೆಚ್ಚು. ಕಣ್ಣೆದುರಿನ ಜಾಗವನ್ನು ನೆನಪಿನೊಂದಿಗೆ ಹೊಂದಿಸುವ ಕೆಲಸ ತಪ್ಪುತ್ತದೆ, ತಪ್ಪನ್ನು ತಿದ್ದಿಕೊಳ್ಳುವ ಶಕ್ತಿಯೂ ಕುಂದುತ್ತದೆ. ಮಾತು ನೆಟ್ಟಗಿರುವುದರಿಂದ ರೋಗಿ ಕಾರಣ ಹೆಣೆಯುತ್ತಾರೆ. ಅದು ಸುಳ್ಳೂ ಅಲ್ಲ, ಹಟವೂ ಅಲ್ಲ. ವಾದಿಸಿ ಗೆಲ್ಲಲಾಗದು. ‘ಇದು ಆಸ್ಪತ್ರೆ ಅಪ್ಪಾಜಿ’ ಎಂದು ಒಮ್ಮೆ ಮೆಲ್ಲಗೆ ಹೇಳಿ ಮಾತು ಬದಲಿಸಿ.

ಪಾರ್ಶ್ವವಾಯು, ಗಡ್ಡೆ, ಮರೆವಿನ ಕಾಯಿಲೆ, ಬೈಕಿನಿಂದ ಬಿದ್ದ ಪೆಟ್ಟು, ಇವೆಲ್ಲ ಕಾರಣವಾಗಬಲ್ಲವು. ವಯಸ್ಸಾದವರು ಜಾರಿ ಬಿದ್ದು, ಆ ಕ್ಷಣಕ್ಕೆ ಏನೂ ಆಗಿಲ್ಲವೆಂದು ಎದ್ದು ಓಡಾಡಿದರೂ, ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಶೇಖರವಾಗಿ ವಾರಗಳ ಮೇಲೆ ಗೊಂದಲ ಶುರುವಾಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಲ್ಲಿ ಈ ಅಪಾಯ ಜಾಸ್ತಿ. ಹಾಗಾಗಿ ಬಿದ್ದ ವಿಷಯ ಹಳೆಯದಾದರೂ ವೈದ್ಯರಿಗೆ ತಿಳಿಸಿ. ತಟ್ಟೆಯ ಎಡಬದಿಯ ಅನ್ನ ಹಾಗೇ ಉಳಿಯುತ್ತಿದ್ದರೆ, ಎಡಗಡೆ ನಿಂತವರನ್ನು ಗಮನಿಸದಿದ್ದರೆ ಅದನ್ನೂ ಹೇಳಿ. ಮಿದುಳಿನ ಬಲಭಾಗದ ಹಾನಿಗೆ ಅವು ಸುಳಿವು.

ಗೊಂದಲ ಗಂಟೆಗೊಮ್ಮೆ ಏರಿಳಿಯುತ್ತಿದ್ದರೆ, ಸಂಜೆ ಹೆಚ್ಚಾದರೆ, ವಾರದ ಹೆಸರುಗಳನ್ನು ಕೊನೆಯಿಂದ ಮೊದಲಿಗೆ ಹೇಳಲು ಗಮನವೇ ನಿಲ್ಲದಿದ್ದರೆ ಅದು ಡೆಲಿರಿಯಂ, ಅಂದರೆ ದೇಹದ ಬೇರೆ ತೊಂದರೆಯಿಂದ ಹಠಾತ್ತನೆ ಬರುವ ಗೊಂದಲ ಇರಬಹುದು. ಮೊದಲು ಸಕ್ಕರೆ, ಸೋಡಿಯಂ, ಆಮ್ಲಜನಕ, ಮೂತ್ರದ ಸೋಂಕು ನೋಡಬೇಕು, ಆಮೇಲೆ ಸ್ಕ್ಯಾನ್. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ಕೊಡುವುದು ಗೊಂದಲವನ್ನು ಬೆಳೆಸುತ್ತದೆ.

ಮಂಚದೆದುರು ಊರು, ಆಸ್ಪತ್ರೆಯ ಹೆಸರು, ತಾರೀಕು ದೊಡ್ಡಕ್ಷರದಲ್ಲಿ ಬರೆದಿಡಿ. ಕನ್ನಡಕ ಹಾಕಿಸಿ. ‘ಮನೆಯ’ ಬಾಗಿಲು ಹುಡುಕುತ್ತಾ ರಾತ್ರಿ ಮೆಟ್ಟಿಲಿಳಿದುಬಿಡುತ್ತಾರೆ, ಆದ್ದರಿಂದ ಒಬ್ಬರು ಜೊತೆಗಿರಲಿ, ಜೇಬಿನಲ್ಲಿ ಮನೆಯವರ ಫೋನ್ ನಂಬರಿರಲಿ. ಪೆಟ್ಟು ಅಥವಾ ಪಾರ್ಶ್ವವಾಯುವಿನಿಂದ ಬಂದದ್ದು ಹಲವರಲ್ಲಿ ವಾರಗಳಲ್ಲಿ ತಗ್ಗುತ್ತದೆ. ವೈದ್ಯರು ಒಪ್ಪುವವರೆಗೆ ಬೈಕಿನ ಕೀ ಕೊಡಬೇಡಿ.

ಗೊಂದಲದ ಜೊತೆಗೇ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಪಾರ್ಶ್ವವಾಯು ಇರಬಹುದು, ತಕ್ಷಣ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಮಿತಿಯಿದೆ. ರೋಗಿ ಕೊನೆಯ ಸಲ ಸರಿಯಾಗಿದ್ದ ಹೊತ್ತನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.