ನಾಚಿಕೆಗೂ ನಾಜ್‌ಗೂ ನಂಟಿಲ್ಲ

ಬಿಂಕ ಎಂಬರ್ಥದ ಫಾರ್ಸಿಯ ‘ನಾಜ್’ ಎಂಬ ಮಾತೂ ಕನ್ನಡದ ‘ನಾಚಿಕೆ’ಯೂ ಒಂದೇ ಬೇರಿನವು ಎಂದು ವಾದಿಸುವವರು ಸಿಗುತ್ತಾರೆ. ಸದ್ದು ಹತ್ತಿರ, ಅರ್ಥವೂ ಹತ್ತಿರ, ಇನ್ನೇನು ಬೇಕು ಎಂಬುದು ಅವರ ಪ್ರಶ್ನೆ. ಬೇಕಾದದ್ದು ಬಹಳ ಇದೆ. ‘ನಾಚು’ ಎಂಬುದರ ಹಳೆಯ ರೂಪ ‘ನಾಣ್ಚು’, ಅದರ ಬುಡದಲ್ಲಿರುವುದು ‘ನಾಣ್’. ಹಳಗನ್ನಡದಲ್ಲಿ ನಾಣ್ ಎಂದರೆ ಲಜ್ಜೆ. ಮಲಯಾಳದವರು ಇಂದಿಗೂ ‘ನಾಣಂ’ ಎನ್ನುತ್ತಾರೆ. ತಮಿಳಿನ ತಿರುಕ್ಕುರಳಿನ 102ನೆಯ ಅಧ್ಯಾಯದ ಹೆಸರೇ ‘ನಾಣುಡೈಮೈ’, ಎಂದರೆ ಲಜ್ಜೆಯುಳ್ಳವರಾಗಿರುವುದು. ಫಾರ್ಸಿ ದಕ್ಷಿಣಕ್ಕೆ ಕಾಲಿಡುವುದಕ್ಕೆ ಎಷ್ಟೋ ಶತಮಾನ ಮೊದಲೇ ಈ ಮಾತು ಇಲ್ಲಿತ್ತು. ಆ ಣಕಾರ ನಾಜ್‌ನ ವಂಶದಲ್ಲಿ ಎಲ್ಲೂ ಇಲ್ಲ. ಕುಣಿತ ಎಂಬರ್ಥದ ಹಿಂದಿಯ ‘ನಾಚ್’ ಮತ್ತೂ ಬೇರೆ. ಅದು ಸಂಸ್ಕೃತದ ನೃತ್ಯದ ಕಡೆಯಿಂದ ಪ್ರಾಕೃತದಲ್ಲಿ ಸವೆದು ಬಂದದ್ದು. ಪದಗಳ ನಂಟು ಹೇಳಬೇಕಾದರೆ ಮೊದಲು ಹಳೆಯ ರೂಪ ಹುಡುಕಬೇಕು, ಆಮೇಲೆ ಸೋದರ ಭಾಷೆಗಳಲ್ಲಿ ನೋಡಬೇಕು, ಕೊನೆಗೆ ಸದ್ದನ್ನು ಹೊಂದಿಸಬೇಕು. ಕೊನೆಯದನ್ನೇ ಮೊದಲು ಮಾಡಿದರೆ ಜಗತ್ತಿನ ಯಾವ ಎರಡು ಪದಗಳನ್ನಾದರೂ ಬೀಗರನ್ನಾಗಿ ಮಾಡಬಹುದು.

ನಾಜ್ ಬರೀ ಲಜ್ಜೆಯಲ್ಲ. ಒಳಗೊಳಗೇ ಬೇಕೆನಿಸಿದರೂ ಬೇಡವೆನ್ನುವ ಬಿಂಕ, ಎದುರಿನವರು ರಮಿಸಿಯೇ ತೀರುತ್ತಾರೆಂಬ ಭರವಸೆ, ಆ ಭರವಸೆಯಿಂದ ಬರುವ ಹೆಮ್ಮೆ, ಜೊತೆಗೆ ಮುದ್ದು, ಎಲ್ಲವೂ ಅದರೊಳಗಿದೆ. ‘ನಾಜ್ ಕರ್ದನ್’ ಎಂದರೆ ಬಿನ್ನಾಣ ಮಾಡುವುದು. ಬೆಕ್ಕಿನ ಬೆನ್ನು ನೇವರಿಸುವುದಕ್ಕೂ ಅದೇ ಮಾತು. ‘ನಾಜ್ ಕಶೀದನ್’ ಎಂದರೆ ಇನ್ನೊಬ್ಬರ ಬಿಂಕವನ್ನು ಸಹಿಸಿಕೊಂಡು ಓಲೈಸುವುದು. ಫಾರ್ಸಿ ಕಾವ್ಯದಲ್ಲಿ ಇದರ ಜೋಡಿಪದ ‘ನಿಯಾಜ್’, ಅಂದರೆ ಮೊರೆ. ಒಲಿಯಬೇಕಾದವರದು ನಾಜ್, ಒಲಿಸುವವರದು ನಿಯಾಜ್.

ಇಷ್ಟೊಂದು ಅರ್ಥಗಳ ಈ ಪದವನ್ನು ನೆರೆಯ ಭಾಷೆಗಳು ಹಲಸಿನ ಹಣ್ಣಿನಂತೆ ಬಿಡಿಸಿಕೊಂಡವು. ಒಬ್ಬೊಬ್ಬರ ಕೈಗೆ ಒಂದೊಂದು ತೊಳೆ. ತುರ್ಕಿಗೆ ಬಿಂಕ ಸಿಕ್ಕಿತು. ಚಹಾ ಬೇಡವೆನ್ನುತ್ತಲೇ ಲೋಟದ ಕಡೆ ನೋಡುವ ಅತಿಥಿ ಅಲ್ಲಿ ‘ನಾಜ್’ ಮಾಡುತ್ತಾನೆ. ನಾಜ್ ಹೆಚ್ಚಾದರೆ ಪ್ರೇಮಿಗೂ ಬೇಸರ ಬರುತ್ತದೆಂದು ಗಾದೆಯೇ ಇದೆ. ಉರ್ದು, ಹಿಂದಿಗಳಲ್ಲಿ ಬಿಂಕ ಉಳಿದರೂ ಹೆಮ್ಮೆ ಮುಂದೆ ಬಂತು: ‘ನಾಜ್ ಹೈ’ ಎಂದರೆ ಹೆಮ್ಮೆಯಿದೆ. ಜಾರ್ಜಿಯನ್ ಭಾಷೆಗೆ ಹೋದದ್ದು ಮೃದುತ್ವ. ಅಲ್ಲಿ ‘ನಾಜಿ’ ಎಂದರೆ ಕೋಮಲ, ಹೆಣ್ಣುಮಕ್ಕಳಿಗೆ ಇಡುವ ಹೆಸರೂ ಹೌದು. ಹಿಟ್ಲರನ ಪಕ್ಷದ ಹೆಸರಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಆ ಕೊನೆಯ ಇಕಾರ ಜಾರ್ಜಿಯನ್ ವ್ಯಾಕರಣ ಅಂಟಿಸಿದ್ದು. ವ್ಯಂಜನದಲ್ಲಿ ಮುಗಿಯುವ ನಾಮಪದಕ್ಕೆ ಪ್ರಥಮಾ ವಿಭಕ್ತಿಯಲ್ಲಿ ಅದು ಬರಲೇಬೇಕು.

ಕನ್ನಡವೂ ಇದನ್ನೇ ಉಕಾರದಿಂದ ಮಾಡುತ್ತದೆ. ನಾಜ್ ಎಂಬ ಪದ ನಮ್ಮ ಮಾತಿಗೆ ಬರಲಿಲ್ಲ; ಬಿಂಕ, ಬಿನ್ನಾಣ, ಬೆಡಗು, ಒಯ್ಯಾರ ಇರುವಾಗ ಅದಕ್ಕೆ ಜಾಗವಾದರೂ ಎಲ್ಲಿತ್ತು? ಶಹನಾಜ್, ಗುಲ್ನಾಜ್, ನಾಜ್ನೀನ್ ಎಂಬ ಹೆಸರುಗಳಲ್ಲಷ್ಟೇ ಅದು ಇಲ್ಲಿ ಕೇಳುತ್ತದೆ. ಬಂದದ್ದು ಅದೇ ಮನೆತನದ ‘ನಾಜುಕ್’, ಎಂದರೆ ಎಳೆಯದು, ಸೂಕ್ಷ್ಮವಾದದ್ದು. ಅದು ನಮ್ಮಲ್ಲಿ ‘ನಾಜೂಕು’ ಆಯಿತು. ನಡುವಿನ ದೀರ್ಘ ಮರಾಠಿಯ ‘ನಾಜೂಕ’ದಲ್ಲೂ ಇದೆ.

ಇಲ್ಲಿ ಜಕಾರದ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಫಾರ್ಸಿಯದು ನಮ್ಮ ಜ ಅಲ್ಲ, ದುಂಬಿಯಂತೆ ಗುಂಯ್‌ಗುಡುವ ಜ಼. ಗಂಟಲ ಮೇಲೆ ಬೆರಳಿಟ್ಟು ‘ಸ್ಸ್ಸ್’ ಎನ್ನಿ, ಏನೂ ಅದುರುವುದಿಲ್ಲ. ನಾಲಿಗೆಯನ್ನು ಕದಲಿಸದೆ ಗಂಟಲನ್ನಷ್ಟೇ ಅದುರಿಸಿದರೆ ಅದೇ ಜ಼. ಕನ್ನಡದ ಜ ಹೇಳುವಾಗಲೂ ಗಂಟಲು ಅದುರುತ್ತದೆ, ಆದರೆ ನಾಲಿಗೆ ಒಂದು ಕ್ಷಣ ಉಸಿರಿಗೆ ಪೂರ್ತಿ ಅಡ್ಡ ನಿಲ್ಲುತ್ತದೆ. ಜ಼ ಅರೆತೆರೆದ ನಲ್ಲಿ, ಜ ಮುಚ್ಚಿ ತಟ್ಟನೆ ಬಿಟ್ಟ ನಲ್ಲಿ. ಜ಼ ಇಲ್ಲದ ಕನ್ನಡಕ್ಕೆ ಎರಡು ದಾರಿಗಳಿದ್ದವು: ಉಸಿರಿನ ಹರಿವನ್ನು ಉಳಿಸಿಕೊಂಡು ಅದುರನ್ನು ಬಿಟ್ಟರೆ ಸ, ಅದುರನ್ನು ಉಳಿಸಿಕೊಂಡು ಹರಿವನ್ನು ಬಿಟ್ಟರೆ ಜ. ಅದು ಹಿಡಿದದ್ದು ಎರಡನೆಯ ದಾರಿ. ಹಾಗಾಗಿಯೇ ಜಮೀನು ‘ಸಮೀನು’ ಆಗಲಿಲ್ಲ, ಹಾಜರು ‘ಹಾಸರು’ ಆಗಲಿಲ್ಲ, ಅರ್ಜಿ ‘ಅರ್ಸಿ’ ಆಗಲಿಲ್ಲ. ಇವೆಲ್ಲ ಆಡಳಿತದ ಬೆನ್ನು ಹತ್ತಿ ಬಂದ ಮಾತುಗಳು. 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯಕ್ಕೆ ಕಲಬುರಗಿ, ಆಮೇಲೆ ಬೀದರ್ ರಾಜಧಾನಿ; ದರ್ಬಾರಿನ ಭಾಷೆ ಫಾರ್ಸಿ. 1472ರಲ್ಲಿ ಬೀದರಿನ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗಿಲಾನ್ ಸೀಮೆಯವನು.

ಇದೇ ನಾಜುಕ್ ತುರ್ಕಿಯಲ್ಲಿ ‘ನಾಜಿಕ್’ ಆಯಿತು, ಅಲ್ಲಿ ಅದಕ್ಕೆ ಸಭ್ಯ ಎಂಬರ್ಥ. ಕನ್ನಡದಲ್ಲಿ ಅರ್ಥ ಬೇರೆ ಕಡೆ ಹೊರಳಿತು. ಗಾಜಿನ ಬಳೆ ನಾಜೂಕು. ಅದನ್ನು ಒಡೆಯದಂತೆ ತೊಡಿಸುವ ಬಳೆಗಾರನ ಕೈಯೂ ನಾಜೂಕಾಗಿರಬೇಕು. ವಸ್ತುವಿನ ಗುಣ ಕೈಗೆ ಹತ್ತಿತು, ಕೈಯಿಂದ ಮಾತಿಗೆ. ಸಾಲ ಕೇಳಿದವನಿಂದ ನಾಜೂಕಾಗಿ ಜಾರಿಕೊಳ್ಳುವಾಗ ಉಳಿದಿರುವುದು ಬರೀ ಚಾತುರ್ಯ.

ನಾಜೂಕುತನ ಎಂಬರ್ಥದ ಉರ್ದುವಿನ ‘ನಜಾಕತ್’ ಇನ್ನೂ ಸೊಗಸು. ನಾಜುಕ್ ಅಪ್ಪಟ ಇರಾನಿ ಪದ. ಅದನ್ನು ಅರಬ್ಬಿಯ ‘ಲತಾಫತ್’ (ನವಿರುತನ) ಎಂಬ ಪದದ ಅಚ್ಚಿಗೆ ಹಾಕಿ ತೆಗೆದದ್ದು ನಜಾಕತ್, ನಾವು ಕನ್ನಡಕ್ಕೆ ಸಂಸ್ಕೃತದ ಬಾಲ ಕಟ್ಟಿ ‘ಕನ್ನಡೀಕರಣ’ ಎಂದಂತೆ.

ಹಾಗಾದರೆ ಬಿಂಕದ ಫಾರ್ಸಿ ಪದ ಕನ್ನಡಕ್ಕೆ ಬರಲೇ ಇಲ್ಲವೇ? ಬಂತು, ಬೇರೆ ಬಾಗಿಲಿನಿಂದ. ಉತ್ತರ ಕರ್ನಾಟಕದ ‘ನಖರಾ’ ಫಾರ್ಸಿಯ ನಖ್ರೆ. ಸಂಸ್ಕೃತದಲ್ಲಿ ನಖರ ಎಂದರೆ ಉಗುರು, ಪಂಜ. ಉಗುರು ನೋಡುತ್ತ ಕೂರುವುದರಿಂದ ನಖರಾ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತುರ್ಕಿಯ ಆ ಚಹಾ ಬೇಡವೆಂದ ಅತಿಥಿ ಧಾರವಾಡಕ್ಕೆ ಬಂದಿದ್ದರೆ ಮನೆಯವರು ಹೇಳುತ್ತಿದ್ದುದು ಇಷ್ಟೇ: ‘ಭಾಳ ನಖರಾ ಮಾಡಬ್ಯಾಡ್ರಿ, ಕುಡೀರಿ.’