ಎಣಿಕೆಗೆ ಸಿಗದ ಫರ್ನಿಚರ್

ನಾಮಪದ ಎಂದರೇನು ಎಂದು ಕೇಳಿದರೆ ನನ್ನ ತರಗತಿಯಲ್ಲಿ ಎಲ್ಲರೂ ಒಂದೇ ಉಸಿರಿಗೆ ಒಪ್ಪಿಸುತ್ತಾರೆ: ವ್ಯಕ್ತಿ, ಸ್ಥಳ, ವಸ್ತುಗಳ ಹೆಸರು. ಪ್ರಾಪರ್, ಕಾಮನ್, ಕಲೆಕ್ಟಿವ್ ಎಲ್ಲವೂ ಬಾಯಿಪಾಠ. ಆಮೇಲೆ ಅದೇ ಜನ ಉದ್ಯೋಗದ ಅರ್ಜಿಯಲ್ಲಿ ‘ಇನ್ಫರ್ಮೇಷನ್ಸ್’, ‘ಅಡ್ವೈಸಸ್’, ‘ಈಕ್ವಿಪ್‌ಮೆಂಟ್ಸ್’ ಎಂದು ಬೇಡದ ಕಡೆ ಬಹುವಚನದ ಎಸ್ ಹಚ್ಚಿ ಬರೆದುಕೊಂಡು ಬರುತ್ತಾರೆ. ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳೂ ಇದಕ್ಕೆ ಹೊರತಲ್ಲ.

ತಿದ್ದಿದರೆ ವಾದಕ್ಕೆ ನಿಲ್ಲುತ್ತಾರೆ. “ಸರ್, ಕೋಣೆಯಲ್ಲಿ ನಾಲ್ಕು ಕುರ್ಚಿ, ಎರಡು ಮೇಜು ಕಣ್ಣೆದುರಿಗೇ ಇವೆಯಲ್ಲ, ಫರ್ನಿಚರ್ಸ್ ಎಂದರೆ ಏನು ತಪ್ಪು?” ಎಡವುವುದು ಇಲ್ಲಿಯೇ. ಎಣಿಕೆಯನ್ನು ನಿರ್ಧರಿಸುವುದು ಪದ; ವಸ್ತುವನ್ನು ನೋಡಿ ತೀರ್ಮಾನಿಸಬೇಡಿ. ‘ಚೇರ್’ ಬಿಡಿಬಿಡಿಯಾಗಿ ಎಣಿಸುವ ಪದ, ‘ಫರ್ನಿಚರ್’ ಒಟ್ಟಾರೆ ಹೇಳುವ ಪದ. ಕುರ್ಚಿ ಅದೇ, ಕರೆಯುವ ಹೆಸರು ಬದಲಾದರೆ ವ್ಯಾಕರಣವೂ ಬದಲಾಗುತ್ತದೆ. ದಿನವಿಡೀ ನೋಟು ಎಣಿಸುವ ಕ್ಯಾಷಿಯರ್ ಕೂಡ ‘ಮನಿ’ಗೆ ಎಸ್ ಹಚ್ಚುವುದಿಲ್ಲ. ಇದರಲ್ಲಿ ತರ್ಕ ಹುಡುಕಲೂ ಹೋಗಬೇಡಿ. ಫ್ರೆಂಚಿನಲ್ಲಿ ‘ಇನ್ಫರ್ಮೇಷನ್’ಗೆ ಸಂಬಂಧಿಸಿದ ಪದಕ್ಕೆ ಬಹುವಚನ ಧಾರಾಳವಾಗಿ ಬಳಕೆಯಲ್ಲಿದೆ, ಇಂಗ್ಲಿಷಿಗೆ ಅದು ಒಗ್ಗಿಲ್ಲ, ಅಷ್ಟೇ.

ಕನ್ನಡಿಗರ ಪಾಡು ನನಗೂ ಅರ್ಥವಾಗುತ್ತದೆ. ನಮ್ಮಲ್ಲಿ ಸಲಹೆಗಳು, ಮಾಹಿತಿಗಳು, ಪೀಠೋಪಕರಣಗಳು ಎಲ್ಲವೂ ಸರಿ. ಸಾಲದ್ದಕ್ಕೆ ಪೇಟೆಯ ಬೋರ್ಡುಗಳೆಲ್ಲ ‘ಫರ್ನಿಚರ್ಸ್’ ಎಂದೇ ಸಾರುತ್ತವೆ. ಒಬ್ಬ ಹುಡುಗ ತನ್ನ ಸೋದರಮಾವನ ಅಂಗಡಿಯ ಬಿಲ್ಲನ್ನೇ ಸಾಕ್ಷಿಗೆ ತಂದಿದ್ದ. ಅಂಗಡಿಯ ಹೆಸರು ಹಾಗೇ ಇರಲಪ್ಪ, ಮಂಚ ಗಟ್ಟಿಯಾಗಿದ್ದರೆ ಸಾಕು ಎಂದೆ. ಆದರೆ ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಉತ್ತರ ತಿದ್ದಲು ಮಾವ ಬರುವುದಿಲ್ಲ.

ಹಾಗೆಂದು ಎಲ್ಲ ಕಡೆ ಎಸ್ ಕಿತ್ತುಹಾಕಲೂ ಹೋಗಬೇಡಿ. ಕೆಲವು ಪದಗಳು ಎರಡೂ ರೀತಿ ನಡೆಯುತ್ತವೆ. ಹೋಟೆಲಿನಲ್ಲಿ ‘ಟೂ ಕಾಫೀಸ್’ ಎಂದರೆ ಎರಡು ಲೋಟ ಬರುತ್ತದೆ, ತಪ್ಪಿಲ್ಲ. ‘ಎಕ್ಸ್‌ಪೀರಿಯನ್ಸ್’ ಸಾಮಾನ್ಯವಾಗಿ ಕೆಲಸದಲ್ಲಿ ಪಳಗಿದ ಅನುಭವ. ಎಸ್ ಸೇರಿದರೆ ಬದುಕಿನಲ್ಲಿ ಕಂಡುಂಡ ಘಟನೆಗಳು. ‘ಡ್ಯಾಮೇಜ್’ ಹಾನಿ, ‘ಡ್ಯಾಮೇಜಸ್’ ನ್ಯಾಯಾಲಯ ಕೊಡಿಸುವ ಪರಿಹಾರ. ಮಳೆಯಿಂದ ‘ಮೆನಿ ಡ್ಯಾಮೇಜಸ್’ ಆಯಿತೆಂದು ವಿಮಾ ಕಂಪನಿಗೆ ಬರೆದರೆ, ಮಳೆಯೇ ಪರಿಹಾರ ಕೊಟ್ಟುಹೋಯಿತೇನೋ ಎನ್ನುವಂತಿರುತ್ತದೆ.

ಪಟ್ಟಿ ಉರುಹೊಡೆದು ಪ್ರಯೋಜನವಿಲ್ಲ. ಕಲಿಯುವವರಿಗೆಂದೇ ಮಾಡಿದ ನಿಘಂಟುಗಳಲ್ಲಿ ನಾಮಪದದ ಪಕ್ಕ ಸಾಮಾನ್ಯವಾಗಿ ‘ಸಿ’ (ಕೌಂಟಬಲ್, ಎಣಿಸುವ ಪದ) ಅಥವಾ ‘ಯು’ (ಅನ್‌ಕೌಂಟಬಲ್, ಎಣಿಸದ ಪದ) ಅಕ್ಷರ ಇರುತ್ತದೆ. ಅದನ್ನು ಯಾರೂ ನೋಡುವುದೇ ಇಲ್ಲ! ಬರೀ ‘ಯು’ ಇದ್ದರೆ ಪದದ ಕೊನೆಗೆ ಎಸ್ ಬೇಡ, ಮೊದಲಿಗೆ ‘ಎ’ ಕೂಡ ಬೇಡ. ಲೆಕ್ಕ ಹೇಳಲೇಬೇಕಾದರೆ ‘ಎ ಪೀಸ್ ಆಫ್ ಅಡ್ವೈಸ್’ ಎನ್ನಿ. ಲಗೇಜಿನ ವಿಷಯ ಇನ್ನೂ ಸುಲಭ: ‘ತ್ರೀ ಬ್ಯಾಗ್ಸ್’ ಎಂದುಬಿಡಿ.